ಯಾವ ಕಂಪನಿಯ ಅಚ್ಚಾದರೂ ಸರಿ

ಜಾಲಹಳ್ಳಿಯ ವೆಂಕಟಲಕ್ಷ್ಮಿಯವರ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಅಲ್ಲಿ ಕೈಯಿಂದ ತಿರುಗಿಸುವ ಡೈ ಕಟಿಂಗ್ ಮೆಷಿನ್ ಕೂತಿದೆ. ಸುತ್ತಲೂ ಕಾಗದದಲ್ಲಿ ಎಲೆ, ಚಿಟ್ಟೆ ಕತ್ತರಿಸುವ ಉಕ್ಕಿನ ಅಚ್ಚುಗಳು, ಒಂದೊಂದೂ ಒಂದೊಂದು ಕಂಪನಿಯದು. ಬೀದಿಯಲ್ಲಿ ಯಾರ ಮನೆಯ ನಾಮಕರಣವಾದರೂ ಕಾರ್ಡು ಇವರದೇ. "ನಮ್ಮ ಮೆಷಿನ್‌ಗೆ ನಮ್ಮ ಡೈನೇ ಹಾಕ್ಬೇಕು ಮೇಡಂ" ಎಂದು ಅಂಗಡಿಯವನು ಹೇಳಿದರೆ, "ಮೆಷಿನ್‌ಗೆ ಕಂಪನಿ ಹೆಸರು ಓದಕ್ಕೆ ಬರಲ್ಲ ಕಣಪ್ಪಾ, ದಪ್ಪ ಎಷ್ಟು ಅಂತ ಮಾತ್ರ ಗೊತ್ತಾಗತ್ತೆ" ಎನ್ನುತ್ತಾರೆ. ಅಚ್ಚು ತೆಳುವಾಗಿದ್ದರೆ ಅಡಿಯಲ್ಲಿ ಹಳೆಯ ಮದುವೆ ಪತ್ರಿಕೆಯ ರಟ್ಟು ಇಡುತ್ತಾರೆ. ದಪ್ಪವಾಗಿದ್ದರೆ ಅಚ್ಚಿನ ಮೇಲೆ ಕೆಳಗೆ ಇಡುವ ಪ್ಲೇಟುಗಳಲ್ಲಿ ಒಂದನ್ನು ತೆಗೆಯುತ್ತಾರೆ. ಹೊಸ ಅಚ್ಚು ಬಂದ ದಿನ ಸಾರಿಗೆ ಉಪ್ಪು ಬೀಳುವುದೇ ಅನುಮಾನ. ನೋಡಿದವರು ಇದೊಂದು ಹುಚ್ಚು ಎಂದುಕೊಳ್ಳುತ್ತಾರೆ. ಆದರೆ ಮೆಷಿನ್ನಿನ ಹಿಡಿಕೆ ತಿರುಗಿಸುವವರು ವೆಂಕಟಲಕ್ಷ್ಮಿ ಅಲ್ಲ, ಗಂಡ ಕೃಷ್ಣಸ್ವಾಮಿ. ಕಾರ್ಖಾನೆಯಿಂದ ನಿವೃತ್ತರಾದ ವರ್ಷವೇ ಲಕ್ವ ಹೊಡೆದು ಅವರ ಬಲಗೈ ಸೋತಿತು. ವ್ಯಾಯಾಮಕ್ಕೆ ರಬ್ಬರ್ ಚೆಂಡು ಕೊಟ್ಟರೆ ಸಿಡುಕುತ್ತಾರೆ. "ಕಾರ್ಡು ಅರ್ಜೆಂಟ್ ಇದೆ ರೀ" ಎಂದರೆ ಎದ್ದು ಬಂದು ಅದೇ ಕೈಯಲ್ಲಿ ಹಿಡಿಕೆ ತಿರುಗಿಸುತ್ತಾರೆ. ಗಂಡನ ಕೈ ದಣಿದ ದಿನ ವೆಂಕಟಲಕ್ಷ್ಮಿ ಹಗುರವಾಗಿ ಸಾಗುವ ಅಚ್ಚು ಆರಿಸುತ್ತಾರೆ, ಚೇತರಿಸಿಕೊಂಡ ದಿನ ಬಿಗಿಯಾದದ್ದು. ಕಳೆದ ಭಾನುವಾರ ಎಲ್ಲಕ್ಕಿಂತ ದಪ್ಪನೆಯದನ್ನು ಇಟ್ಟರು. ಹಿಡಿಕೆ ಅರ್ಧದಲ್ಲೇ ನಿಂತಿತು. ಸಹಾಯಕ್ಕೆ ಕೈ ಚಾಚಿದ ಹೆಂಡತಿಗೆ ಕೃಷ್ಣಸ್ವಾಮಿ, "ಬಿಡೇ, ನಾನೇ ತಿರುಗಿಸ್ತೀನಿ" ಎಂದರು. ಮೆಷಿನ್ ಕಿರುಗುಟ್ಟಿತು, ಆಚೆ ಬದಿಯಿಂದ ಒಂದು ದಳವೂ ಹರಿಯದ ಕಮಲ ಹೊರಬಂತು. ವೆಂಕಟಲಕ್ಷ್ಮಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಏನ್ ನೋಡ್ತಾ ಕೂತೆ? ಇನ್ನೊಂದು ಕಾಗದ ಇಡು" ಎಂದರು ಕೃಷ್ಣಸ್ವಾಮಿ.