ಚೆನ್ನಾಗಿದ್ದೀನಿ ಎಂದ ತಪ್ಪಿಗೆ

ಬೊಸಿಬೊರಿಗೆ ಸಿಟ್ಟು ಬರುವುದು ತಡ. ಬಂದರೆ ಇಳಿಯುವುದು ಇನ್ನೂ ತಡ. ಕೀನ್ಯಾದ ಕೀಸಿ ಗುಡ್ಡಗಳನ್ನು ಬಿಟ್ಟು ಮಿನೆಸೋಟಾದ ಹಿಮಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಂದಿನಿಂದ ವೃದ್ಧಾಶ್ರಮದಲ್ಲಿ ಬೇರೆಯವರ ಹೆತ್ತವರನ್ನು ಎತ್ತುವುದು, ತೊಳೆಯುವುದು, ಉಣ್ಣಿಸುವುದು. ದಿನಕ್ಕೆ ಮೂವತ್ತು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದಳು. ಮೂವತ್ತೊಂದನೆಯ ತೋಳು ಅವಳದೇ ಇತ್ತು. ಅದಕ್ಕೆ ಸುತ್ತಲು ಯಾರಿಗೂ ಪುರಸೊತ್ತಿರಲಿಲ್ಲ.

ಅವಳ ಕಾಲು ಊದತೊಡಗಿ ಎರಡು ವರ್ಷ. ಜೊತೆಗೆ ಕೆಲಸ ಮಾಡುವ ಕೆಮುಂಟೊ ಸುಮ್ಮನಿರುವವಳಲ್ಲ.

"ಅಕ್ಕಾ, ಒಂದೊಂದು ಕಾಲ್ಚೀಲದಲ್ಲಿ ಒಂದೊಂದು ಕುಂಬಳಕಾಯಿ ಬಚ್ಚಿಟ್ಟಿದ್ದೀಯಲ್ಲ! ಡಾಕ್ಟ್ರು ಏನಂದ?"

"ಉಪ್ಪು ಕಮ್ಮಿ ಮಾಡು ಅಂದ."

"ಉಗಾಲಿ ಮುದ್ದೆ, ಸೊಪ್ಪು ಬಿಟ್ರೆ ಬೇರೆ ಏನ್ ತಿಂತೀಯ ನೀನು? ಸೊಪ್ಪಿಗೆ ಉಪ್ಪು ಹಾಕೋದೇ ಮರೀತೀಯ!"

ಕೀಸಿಯವರಲ್ಲಿ ಒಂದು ಮರ್ಯಾದೆ ಇದೆ. ಹೇಗಿದ್ದೀರಿ ಎಂದು ಕೇಳಿದರೆ, ಮನೆಯಲ್ಲಿ ಹೆಣವಿದ್ದರೂ, ಮೊದಲು "ತುಂಬಾ ಚೆನ್ನಾಗಿದ್ದೀವಿ" ಎನ್ನಬೇಕು. ಕೂತು, ಚಹಾ ಕುಡಿದು, ಹಸು ಕರುಗಳ ಮಾತು ಮುಗಿದ ಮೇಲೆ "ಅಂದ ಹಾಗೆ, ಅಪ್ಪ ಹೋಗ್ಬಿಟ್ರು" ಎನ್ನಬಹುದು. ಬಾಯಿ ತೆರೆದ ಕೂಡಲೇ ಗೋಳು ತೋಡಿಕೊಳ್ಳುವವಳನ್ನು ಹೆತ್ತವರು ನೆಟ್ಟಗೆ ಬೆಳೆಸಿಲ್ಲ ಎಂದೇ ಲೆಕ್ಕ.

ಆ ಡಾಕ್ಟರ ಕೋಣೆಯಲ್ಲಿ ಚಹಾ ಎಲ್ಲಿಂದ ಬರಬೇಕು? ಅಲ್ಲಿ ಒಬ್ಬೊಬ್ಬರಿಗೆ ಹತ್ತೇ ನಿಮಿಷ. ಆತ ಕಂಪ್ಯೂಟರಿನಿಂದ ಕಣ್ಣು ಕೀಳದೆ "ಹೇಗಿದ್ದೀರಿ?" ಎಂದ. "ತುಂಬಾ ಚೆನ್ನಾಗಿದ್ದೀನಿ ಡಾಕ್ಟ್ರೇ," ಎಂದಳು. ಹಾಗೇ ಬರೆದುಕೊಂಡ. ಅವಳು ನಿಧಾನಕ್ಕೆ ಕಾಲಿನ ವಿಷಯಕ್ಕೆ ಬರುವಷ್ಟರಲ್ಲಿ ಅವನ ಕೈ ಬಾಗಿಲ ಹಿಡಿಯ ಮೇಲಿತ್ತು. ನಿಂತು ಕೆಲಸ ಮಾಡುವವರ ಕಾಲು ಊದುವುದೇ, ಬಿ.ಪಿ. ಏರಿದ್ದು ಓಡೋಡಿ ಬಂದಿದ್ದಕ್ಕೆ ಎಂದ. ಎರಡು ವರ್ಷದಲ್ಲಿ ಮೂರು ಸಲ ಹೋದಳು, ಮೂರು ಸಲವೂ ಇದೇ ಹಾಡು.

ಈ ಮಾರ್ಚಿನಲ್ಲಿ ಆಶ್ರಮದ ಲಿಂಡ್‌ಕ್ವಿಸ್ಟ್ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅದೇ ಡಾಕ್ಟರ ಬಳಿಗೆ ಹೋಗಬೇಕಾಯಿತು. ಅಜ್ಜಿಯ ಕೋಟು ಹಿಡಿದು ಗೋಡೆಗೆ ಒರಗಿ ನಿಂತಳು. ಕೋಟು ನೇತುಹಾಕುವ ಗೂಟ ಅಂದುಕೊಂಡನೋ ಏನೋ, ಆತ ಅವಳ ಕಡೆ ನೋಡಲೂ ಇಲ್ಲ.

"ಹೇಗಿದ್ದೀರಿ?"

"ಚೆನ್ನಾಗೇ ಇದ್ದೀನಿ," ಅಜ್ಜಿ ಸಿಡುಕಿದಳು. "ಸುಮ್ಸುಮ್ನೆ ಎಳ್ಕೊಂಡು ಬಂದಿದ್ದಾರೆ."

ಡಾಕ್ಟರು ನಕ್ಕ. ಸ್ಟೂಲು ಎಳೆದು ಕೂತ. ತಾನೇ ಅಜ್ಜಿಯ ಕಾಲ್ಚೀಲ ಕಳಚಿ, ಕಣಕಾಲನ್ನು ಬೆರಳಿನಿಂದ ಒತ್ತಿದ. "ನೀವೆಲ್ಲ ಹೀಗೇ ಅನ್ನೋದು. ನಾನು ನಂಬ್ತೀನಾ? ಚೂರು ಊದಿದೆ. ರಕ್ತ, ಮೂತ್ರ ಎರಡೂ ನೋಡೇಬಿಡೋಣ, ಕಿಡ್ನಿ ಹೇಗಿದೆ ಅಂತ."

ಬೊಸಿಬೊರಿಯ ಕಿವಿ ಬಿಸಿಯಾಯಿತು. ಅದೇ ಡಾಕ್ಟರು, ಅದೇ ಪ್ರಶ್ನೆ, ಅದೇ ಉತ್ತರ. ಬಿಳಿ ಅಜ್ಜಿ ಚೆನ್ನಾಗಿದ್ದೀನಿ ಎಂದರೆ ಪಾಪ, ನೋವು ಮುಚ್ಚಿಡುತ್ತಾಳೆ. ತಾನು ಅದನ್ನೇ ಅಂದರೆ ಸದ್ಯ, ಪೀಡೆ ತೊಲಗಿತು! ಮೂರು ಸಲ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು. ಕೋಟನ್ನು ಅವನ ಮೇಜಿನ ಮೇಲೆ ಎಸೆದಳು. ಬೂಟು ಕಳಚಿ, ಕಾಲನ್ನು ಅವನ ಮುಂದೆಯೇ ಇಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ನಾನೂ ಚೆನ್ನಾಗಿದ್ದೀನಿ ಅಂದಿದ್ದೆ ಡಾಕ್ಟ್ರೇ. ಮೂರು ಸಲ. ನನ್ನ ಮಾತು ಮಾತ್ರ ಹೇಗೆ ನಂಬಿಬಿಟ್ರಿ?"

"ನೋಡಿ, ಇದು ಅವರಿಗೆ ಕೊಟ್ಟಿರೋ ಸಮಯ. ನೀವು ಬೇರೆ ದಿನ..."

"ನನ್ನ ಊಟದ ಹೊತ್ತಾಯ್ತು," ಎಂದಳು ಅಜ್ಜಿ.

"ನನಗೂ ಅದೇ ಪರೀಕ್ಷೆಗಳ ಚೀಟಿ ಬರೆಯೋ ತನಕ ಊಟಾನೂ ಇಲ್ಲ, ಯಾರೂ ಹೊರಗೆ ಹೋಗೋದೂ ಇಲ್ಲ," ಎಂದು ಬೊಸಿಬೊರಿ ಗಾಲಿಕುರ್ಚಿಯನ್ನು ಬಾಗಿಲಿಗೆ ಅಡ್ಡ ತಿರುಗಿಸಿದಳು. ಆತ ಬರೆದುಕೊಟ್ಟ.

ವಾರದ ನಂತರ ಫಲಿತಾಂಶ ಬಂತು. ಅಜ್ಜಿಯ ಕಿಡ್ನಿಗೆ ಏನೂ ಆಗಿರಲಿಲ್ಲ. ಬೊಸಿಬೊರಿಯದು ಮುಕ್ಕಾಲು ಪಾಲು ಹೋಗಿತ್ತು. ಅಂದು ಡಾಕ್ಟರು ಅವಳಿಗೂ ಸ್ಟೂಲು ಎಳೆದು ಕೂತ, ದನಿ ತಗ್ಗಿಸಿದ. "ಎರಡು ವರ್ಷ ಮೊದಲೇ ಬಂದಿದ್ರೆ ಎಷ್ಟೋ ಉಳಿಸಬಹುದಿತ್ತು."

"ಬಂದಿದ್ದೆ," ಎಂದಳು. ಅವನ ಕಂಪ್ಯೂಟರಿನ ಕಡೆ ಕೈ ತೋರಿದಳು. "ಅದರಲ್ಲೇ ಇದೆ, ಓದಿ. ಗಟ್ಟಿಯಾಗಿ ಓದಿ."

ಆತ ಪರದೆಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿಕೊಂಡ.

ಭಾನುವಾರ ಕೀಸಿಯವರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಹೆಂಗಸರೆಲ್ಲ ಚಹಾಕ್ಕೆ ಸೇರಿದ್ದರು. ಪಾದ್ರಿಯ ತಾಯಿ ಎಂದಿನಂತೆ ಅವಳ ಕೈ ಹಿಡಿದು, "ಹೇಗಿದ್ದೀಯಾ ಮಗಳೇ?" ಎಂದಳು.

"ಚೆನ್ನಾಗಿಲ್ಲ ಅಮ್ಮ."

ಸಭೆಗೆ ಸಭೆಯೇ ಅವಳತ್ತ ತಿರುಗಿತು. ಚಹಾ ಕುಡಿಯುವ ಮೊದಲೇ ಇದೆಂಥ ಮಾತು ಎಂದು ಒಬ್ಬಳು ಗೊಣಗಿದಳು. ಬೊಸಿಬೊರಿ ತನ್ನ ಕಾಲನ್ನು ಒತ್ತಿ ಕುಳಿ ತೋರಿಸಿ, ಚೀಲದಿಂದ ಬಿ.ಪಿ. ಯಂತ್ರ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಮುದುಕಿ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಬಟ್ಟಲನ್ನು ಪಕ್ಕಕ್ಕಿಟ್ಟು, ಪಾದದ ತನಕ ಇಳಿಬಿದ್ದಿದ್ದ ಲಂಗವನ್ನು ಮೊಣಕಾಲಿಗೆತ್ತಿದಳು.

"ನಂದೂ ಸ್ವಲ್ಪ ಒತ್ತಿ ನೋಡು," ಎಂದಳು.