ಬೇಲೂರಿನವಳನ್ನು ನಾವು ಗೆಲ್ಲಿಸಿದ್ದು

ಆ ಶನಿವಾರ ಬೆಳಗ್ಗೆ ಮಾಡಿದ ಕೆಲಸಗಳು: ನಲ್ಲಿಯಲ್ಲಿ ನೀರು ಬಂದಿತ್ತು, ಎರಡು ಡ್ರಮ್ಮು, ಒಂದು ಹಂಡೆ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅತ್ತೆಯವರ ಪೂಜೆಗೆ ಪತ್ರೆ ಬಿಡಿಸಿಕೊಟ್ಟೆ. ಮಧ್ಯಾಹ್ನಕ್ಕೂ ರಾತ್ರಿಗೂ ಆಗುವಷ್ಟು ಹುರುಳಿಕಾಳಿನ ಸಾರು ಮಾಡಿದೆ. ಹಾಲಿಗೆ ಹೆಪ್ಪು ಹಾಕಿದೆ. ಮುದ್ದೆ ತಾವೇ ತಿರುವಿಕೊಳ್ಳುವುದಾಗಿ ಹೇಳಿದ ಯಜಮಾನರಿಗೆ ಹಿಟ್ಟು, ಕೋಲು ಎಲ್ಲಿವೆ ಎಂದು ತೋರಿಸಿದೆ. ಕೊನೆಗೆ, ಟಿ.ವಿ. ಕೆಳಗಿದ್ದ ಗೇಮ್ ಡಬ್ಬದ ಎರಡು ರಿಮೋಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟೆ.

ಬೇಲೂರಿಗೆ ಹೊರಟಿದ್ದೆವು, ನಾನು ಮತ್ತು ಎದುರು ಮನೆಯವಳು. ಅಲ್ಲಿದ್ದ ನಮ್ಮ ಗೆಳತಿ ಒಂಬತ್ತು ದಿನದಿಂದ ನಮ್ಮೊಂದಿಗೆ ಆಟಕ್ಕೆ ಬಂದಿರಲಿಲ್ಲ. ಫೋನೂ ಎತ್ತಿರಲಿಲ್ಲ. ತಪ್ಪು ನಮ್ಮದಾಗಿತ್ತು. ಇನ್ನು ಮುಂದೆ ಅವಳು ನಮ್ಮ ಜೊತೆ ಕೂರುತ್ತಾಳೋ ಇಲ್ಲವೋ ಎನ್ನುವುದು ಆ ಒಂಬತ್ತೂ ದಿನ ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ ನನ್ನ ತಲೆಯೊಳಗೆ ಕೊರೆಯುತ್ತಿತ್ತು.

ಗೇಮ್ ಡಬ್ಬ ನನ್ನ ಮಗಳದ್ದು. ಹಾಸನದಲ್ಲಿ ಹಾಸ್ಟೆಲ್ಲಿಗೆ ಸೇರುವಾಗ ಅಲ್ಲಿ ಇದಕ್ಕೆಲ್ಲ ಜಾಗವಿಲ್ಲ ಎಂದು ಅರಸೀಕೆರೆಯ ಮನೆಯಲ್ಲೇ ಬಿಟ್ಟುಹೋದಳು. ಧೂಳು ಕೂರದಿರಲೆಂದು ನಾನು ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದೆ. ಒಂದು ಮಧ್ಯಾಹ್ನ ಜರಡಿ ಕೇಳಲು ಬಂದ ಎದುರು ಮನೆಯವಳು ಬಟ್ಟೆ ಎತ್ತಿ ನೋಡಿ, "ಇದೇನೇ ಇದು, ದೇವರ ಪೆಟ್ಟಿಗೆ ಹಂಗೆ ಮುಚ್ಚಿಟ್ಟೀಯ?" ಎಂದಳು. ಅವಳ ತವರು ಕಣಕಟ್ಟೆ, ತೆಂಗಿನ ತೋಟದ ಮನೆತನ. ಯಾವುದನ್ನೇ ಆಗಲಿ ಬಿಚ್ಚಿ ನೋಡದೆ ಬಿಡುವವಳಲ್ಲ. ಮಗಳಿಗೆ ವಿಡಿಯೊ ಕಾಲ್ ಮಾಡಿ, ಅವಳು ಹೇಳಿದಂತೆ ಒಂದೊಂದೇ ಗುಂಡಿ ಒತ್ತಿ ಕಾರಿನ ಓಟದ ಆಟ ಹಚ್ಚಿದೆವು. ಈಗ ಬೇಲೂರಿನಲ್ಲಿರುವ, ಆಗ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಮೂರನೆಯವಳು ಎರಡು ದಿನ ಬಾಗಿಲಲ್ಲಿ ನಿಂತು ನೋಡಿ ಮೂರನೆಯ ದಿನ ಚಾಪೆಗೆ ಬಂದಳು. ಅವಳ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ.

ಅಂದಿನಿಂದ ಮೂರು ಗಂಟೆಗೆ ಪಾತ್ರೆ ತೊಳೆದು, ಅತ್ತೆಯವರು ಒರಗಿದ ಮೇಲೆ ನಾವು ಮೂವರೂ ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದೆವು. ರಿಮೋಟು ಎರಡೇ ಆದ್ದರಿಂದ ಇಬ್ಬರು ಆಡಿದರೆ ಒಬ್ಬಳು ನೋಡುತ್ತಿದ್ದಳು. ಕಾರು ಬಲಕ್ಕೆ ತಿರುಗಿದರೆ ಮೂವರ ಮೈಯೂ ಬಲಕ್ಕೆ ವಾಲುತ್ತಿತ್ತು. ಎದುರು ಮನೆಯವಳು ಗೆಲ್ಲುವ ಕಾರಿನವಳ ಕಣ್ಣಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಪಕ್ಕೆಗೆ ಮೊಣಕೈ ತಿವಿಯುತ್ತಿದ್ದಳು. "ತಿರುಗೇ, ತಿರುಗೇ ಮುಂಡೇದೇ" ಎಂದು ತನ್ನ ಕಾರನ್ನೇ ಬಯ್ಯುತ್ತಿದ್ದಳು. ಸೋತವಳು ಗೆದ್ದವಳ ಮನೆಯ ಸಂಜೆಯ ಅಡುಗೆಗೆ ಕಾಯಿ ತುರಿದುಕೊಡಬೇಕು, ಇದು ನಿಯಮ. ಎದುರು ಮನೆಯವಳು ಸೋತಾಗೆಲ್ಲ ಬಳೆ ಅಡ್ಡ ಬಂತು, ಸೊಳ್ಳೆ ಕಚ್ಚಿತು, ಕಾಫಿ ಬಿಸಿಯಿತ್ತು ಎಂದು ಶುರುಮಾಡುತ್ತಿದ್ದಳು. ಅದನ್ನು ಕೇಳಿ ಕೇಳಿ ಸಾಕಾಗಿ ನಾನೇ ಇನ್ನೊಂದು ನಿಯಮ ಮಾಡಿದೆ: ಸೋತವಳು ನೆವ ಹೇಳಬಾರದು, ಹೇಳಿದರೆ ಇನ್ನೊಂದು ಕಾಯಿ.

ಮೂರನೆಯವಳು ಸೋಲುತ್ತಿದ್ದುದೇ ಅಪರೂಪ. ಸೋತರೂ ತುಟಿ ಬಿಚ್ಚದೆ ಈಳಿಗೆಮಣೆ ಎಳೆದುಕೊಂಡು ಕೂರುತ್ತಿದ್ದಳು. ಎರಡನೆಯ ಕಾಯಿ ತುರಿದವಳಲ್ಲ ಅವಳು.

ಅವಳ ಯಜಮಾನರಿಗೆ ಬೇಲೂರಿಗೆ ವರ್ಗವಾಯಿತು. ಹೋಗುವ ಮುಂಚೆಯೇ, ಬೇರೆ ಊರಿನಲ್ಲಿ ಓದುತ್ತಿದ್ದ ಅವಳ ಮಗ ಎಲ್ಲಿಂದಲೋ ನಮ್ಮದೇ ತರಹದ ಹಳೆಯ ಗೇಮ್ ಡಬ್ಬ ತಂದು, "ಅಮ್ಮ, ಅಲ್ಲಿಂದಲೇ ಅವರ ಜೊತೆ ಆಡಬಹುದು" ಎಂದು ಕಲಿಸಿಕೊಟ್ಟ. ಸರಿ, ಮೂರು ಗಂಟೆಯ ಆಟ ಮುಂದುವರಿಯಿತು. ಅವಳು ಅಲ್ಲಿ, ನಾವಿಬ್ಬರು ಇಲ್ಲಿ ನಮ್ಮ ಚಾಪೆಯ ಮೇಲೆ. ಮಾತಿಗೆ ನನ್ನ ಫೋನನ್ನು ಸ್ಪೀಕರಿಗೆ ಹಾಕಿ ಅವಲಕ್ಕಿ ಡಬ್ಬಕ್ಕೆ ಒರಗಿಸಿಡುತ್ತಿದ್ದೆವು.

ಮೊದಲ ವಾರ ಬೆರಗೇ ಬೆರಗು. ಅಷ್ಟು ದೂರದಿಂದ ಅವಳ ಹಳದಿ ಕಾರು ನಮ್ಮ ಟಿ.ವಿ.ಯಲ್ಲಿ ಓಡುತ್ತಿತ್ತು. "ಮೂರು ಗಂಟೆ ಆಗೋದನ್ನೇ ಕಾಯ್ತಿರ್ತೀನಿ ಕಣ್ರೇ. ಇವರು ಬರೋದು ಏಳಕ್ಕೆ, ಅಲ್ಲೀವರೆಗೂ ಈ ಮನೇಲಿ ನನ್ನ ದನಿ ನಾನೇ ಕೇಳಿರಲ್ಲ," ಎಂದಿದ್ದಳು. ಆದರೆ ಚಾಪೆಯ ಮೇಲಿನ ಆಟ ಬೇರೆ, ಇದು ಬೇರೆ. ಇಲ್ಲಿ ಎದುರು ಮನೆಯವಳು ಕಾಫಿ ಚೆಲ್ಲಿಕೊಂಡು ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರೆ ಫೋನಿನಿಂದ ಬೇಲೂರಿನವಳು "ಏನ್ರೇ ಅದು? ಏನಾಯ್ತು?" ಎಂದು ಕೇಳುತ್ತಿದ್ದಳು. ನಾನು ವಿವರಿಸಿ ಹೇಳುವಷ್ಟರಲ್ಲಿ ನಗುವೇ ಆರಿಹೋಗಿರುತ್ತಿತ್ತು. ಅವಳು ಸುಮ್ಮನಾದರೆ ಕಾಫಿ ಕುಡಿಯುತ್ತಿದ್ದಾಳೋ, ಮುಖ ಊದಿಸಿಕೊಂಡಿದ್ದಾಳೋ ನಮಗೆ ತಿಳಿಯುತ್ತಿರಲಿಲ್ಲ.

ಮೊದಲ ಸಲ ಸೋತಾಗ, "ನಾನಿಲ್ಲೇ ತುರೀತೀನಿ, ಫೋಟೊ ಕಳಿಸ್ತೀನಿ" ಎಂದು ತಟ್ಟೆ ತುಂಬ ಕಾಯಿತುರಿಯ ಫೋಟೊ ಕಳಿಸಿದಳು. ಎರಡನೆಯ ಸಲ ನಾವೇ, "ಬಿಡೇ, ನಿನಗೆ ಮಾಫಿ" ಎಂದೆವು.

ಆಮೇಲೆ ದಿನಾ ಸೋಲತೊಡಗಿದಳು. ಹಳದಿ ಕಾರು ಗೋಡೆಗೆ ಹೋಗಿ ಗುದ್ದುತ್ತಿತ್ತು, ಹಿಂದೆ ಬಂದು ಮತ್ತೆ ಅಲ್ಲೇ ಗುದ್ದುತ್ತಿತ್ತು. ಅವಳು ಒಂದು ಮಾತೂ ಆಡುತ್ತಿರಲಿಲ್ಲ.

"ಮನಸ್ಸು ಸರಿ ಇಲ್ಲ ಕಣೇ ಅವ್ಳಿಗೆ," ಎಂದಳು ಎದುರು ಮನೆಯವಳು. "ಹೊಸ ಊರು. ಒಬ್ಳೇ ಕೂತು ಕೂತು ಹಿಂಗಾಗೈತೆ."

ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸೇರಿ ಅವಳನ್ನು ಗೆಲ್ಲಿಸುವುದೆಂದು ತೀರ್ಮಾನಿಸಿದೆವು. ಗೆಲುವಿನ ಗೆರೆಗೆ ಮುಂಚೆ ನಮ್ಮ ಕಾರುಗಳನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದೆವು. ಅವಳು ತಡವರಿಸಿಕೊಂಡು ಬಂದು ಗೆರೆ ದಾಟಿದ ಮೇಲೆ "ಅಯ್ಯೋ, ಗೆದ್ದುಬಿಟ್ಲಲ್ಲೇ!" ಎಂದು ಫೋನಿನ ಹತ್ತಿರ ಬಾಯಿಟ್ಟು ಕೂಗುತ್ತಿದ್ದೆವು. ಐದು ದಿನ ಹೀಗೆ ನಡೆಯಿತು. ಮಾಡಬಾರದ್ದೇನನ್ನೋ ಮಾಡುತ್ತಿದ್ದೇವೆ ಎಂದು ನನಗೊಮ್ಮೆಯೂ ಹೊಳೆಯಲಿಲ್ಲ. ಪಕ್ಕದಲ್ಲೇ ಕೂತಿದ್ದರೆ ಇದನ್ನು ಮಾಡುತ್ತಿರಲಿಲ್ಲ. ಮಾಡಿದ್ದರೂ ಅವಳು ನಮ್ಮ ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು.

ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳಬೇಕಾದಾಗ ನಾನು ಫೋನಿನಲ್ಲಿ ಮ್ಯೂಟ್ ಒತ್ತುತ್ತಿದ್ದೆ. ಆರನೆಯ ದಿನ ನಾನೂ ಒತ್ತಿದೆ. ನಾನು ಒತ್ತಿದ್ದನ್ನು ನೋಡದ ಎದುರು ಮನೆಯವಳೂ ಒತ್ತಿದಳು. ಎರಡು ಸಲ ಒತ್ತಿದರೆ ಬಾಯಿ ಮತ್ತೆ ತೆರೆದುಕೊಳ್ಳುತ್ತದೆ ಎನ್ನುವುದು ಆಗ ಇಬ್ಬರ ತಲೆಗೂ ಹೋಗಲಿಲ್ಲ.

"ನಿಲ್ಸು, ನಿಲ್ಸು, ಬ್ರೇಕ್ ಹಾಕೇ. ಪಾಪ, ಗೆಲ್ಲಲಿ."

"ನಿನ್ನೆನೂ ಕೊನೇಲಿ ಬಂದಿದ್ದು ನಾನೇ. ಇವತ್ತು ನೀನು ಕೊನೇಲಿ ಬಾ," ಎಂದೆ.

"ಅವ್ಳು ಬಂದರೆ ತಾನೆ! ನೋಡೇ, ಇನ್ನೂ ಗೋಡೆಗೆ ಗುದ್ದುತಾವ್ಳೆ," ಎಂದು ಎದುರು ಮನೆಯವಳು ನಕ್ಕಳು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಹಳದಿ ಕಾರು ತಿರುವು ದಾಟಿ ಬಂತು. ಬಂದದ್ದು ಗೆರೆ ದಾಟಲಿಲ್ಲ. ನಮ್ಮ ಎರಡು ಕಾರುಗಳ ಪಕ್ಕದಲ್ಲೇ ನಿಂತಿತು. ಗೆರೆಯ ಮುಂದೆ ಮೂರು ಕಾರು, ಯಾವುದೂ ಮುಂದಕ್ಕೆ ಹೋಗುತ್ತಿಲ್ಲ.

"ಕೇಳಿಸ್ತಿದೆ ಕಣ್ರೇ," ಎಂದಿತು ಫೋನು. ಹಾಗೆಂದು ಕಟ್ಟಾಯಿತು.

ಒಂಬತ್ತು ದಿನ. ನಾನು ಕಳಿಸಿದ ಮೆಸೇಜುಗಳನ್ನು ಓದಿದಳು, ಉತ್ತರಿಸಲಿಲ್ಲ. ಮೂರು ಗಂಟೆಗೆ ನಾವಿಬ್ಬರೂ ಚಾಪೆ ಹಾಸಿ ಕೂತರೂ ಆಟ ಹಚ್ಚುವ ಮನಸ್ಸಾಗಲಿಲ್ಲ. ಅವಳು ಆ ಹೊತ್ತಿನಲ್ಲಿ ಏನು ಮಾಡುತ್ತಿರಬಹುದು ಎಂದು ನೆನೆದು ಅರ್ಧ ಕಾಫಿಯನ್ನು ಬಚ್ಚಲಿಗೆ ಸುರಿಯುತ್ತಿದ್ದೆ. ಕೊನೆಗೆ ಎದುರು ಮನೆಯವಳೇ ಅಂದಳು, "ಫೋನಲ್ಲಿ ಕೆಟ್ಟಿದ್ದು ಫೋನಲ್ಲಿ ಸರಿಹೋಗಲ್ಲ. ನಡಿಯೇ, ಬಸ್ಸು ಹತ್ತಾನ."

ಬಸ್ಸಿನಲ್ಲಿ ಕಾಲಡಿಗೆ ಎದುರು ಮನೆಯವಳು ತಂದಿದ್ದ ತೆಂಗಿನಕಾಯಿಯ ಚೀಲ, ನನ್ನ ತೊಡೆಯ ಮೇಲೆ ರಿಮೋಟಿನ ಬ್ಯಾಗು. ಜಾವಗಲ್ ದಾಟಿದರೂ ನಾನು ಬೇಲೂರಿನವಳಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ಹಳೇಬೀಡಿನಲ್ಲಿ ದೇವಸ್ಥಾನ ನೋಡಿ ಬಂದವರು ತುಂಬಿಕೊಂಡರು, ಚೀಲದ ಮೇಲೆಯೇ ಒಬ್ಬರು ಕಾಲಿಟ್ಟರು.

"ಬಾಗಿಲು ತೆಗೀದಿದ್ರೆ?" ಎಂದೆ.

"ಕಾಯಿ ಮೆಟ್ಟಲ ಮೇಲಿಟ್ಟು ಬತ್ತೀನಿ. ಕಾಯಿ ಮೇಲೆ ಯಾರಿಗೂ ಕೋಪ ಇರಲ್ಲ."

ಮಹಡಿಯ ಮೇಲಿನ ಮನೆ. ಬಾಗಿಲು ತೆಗೆದವಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಏನು, ಗೆಲ್ಲಿಸೋಕೆ ಬಂದ್ರಾ?" ಎಂದಳು. ಆದರೂ ಚೀಲಕ್ಕೆ ಕೈ ಹಾಕಿ ಒಳಗೆಳೆದುಕೊಂಡಳು. ನೀರು ಕೊಟ್ಟಳು. ಕಾಫಿ ಕೊಟ್ಟಳು. ನಮ್ಮ ಪಕ್ಕದಲ್ಲಿ ಮಾತ್ರ ಕೂರದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ತಪ್ಪಾಯ್ತು ಕಣೇ," ಎಂದೆ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಅಷ್ಟೇ ಬಾಯಿಗೆ ಬಂತು.

"ನಕ್ಕಿದ್ದಕ್ಕಲ್ಲ ನನಗೆ ಬೇಜಾರು. ಅಲ್ಲಿದ್ದಾಗ ಸೋತ್ರೆ ಕಾಯಿ ತುರಿ ಅಂತಿದ್ರಿ. ಇಲ್ಲಿಗೆ ಬಂದ ಮೇಲೆ ಪಾಪ ಅಂತೀರ. ನೀವಿಬ್ರೂ ಒಂದಾದ್ರಿ, ನಾನು ನೆಂಟರ ಥರ ಹೊರಗಿನವಳಾದೆ."

ನಾನು ಬ್ಯಾಗಿನಿಂದ ಟವೆಲ್ಲು ಬಿಚ್ಚಿ ಎರಡು ರಿಮೋಟನ್ನು ನೆಲದ ಮೇಲಿಟ್ಟೆ. ಬೇಲೂರಿನವಳು ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಊಟ ಮಾಡಿ, ಆಮೇಲೆ ನೋಡೋಣ," ಎಂದಳು.

ಊಟವಾದ ಮೇಲೆ ಆಡಿದೆವು. ಅವಳು ತನ್ನ ರಿಮೋಟು ಹಿಡಿದು ಗೋಡೆಯ ಬದಿಗೆ ಕೂತಳು. ಮೊದಲ ಆಟದಲ್ಲಿ ಅವಳು ಗೆರೆ ದಾಟಿ ರಿಮೋಟು ಕೆಳಗಿಟ್ಟಾಗ ನಾನಿನ್ನೂ ಸೇತುವೆಯ ಮೇಲಿದ್ದೆ. ಎರಡನೆಯದರಲ್ಲೂ ಅವಳೇ. ಮೂರನೆಯದರಲ್ಲಿ ಎದುರು ಮನೆಯವಳು ಸೆರಗು ಅಡ್ಡ ಹಿಡಿದರೂ, ಬೇಲೂರಿನವಳು ಕತ್ತು ವಾರೆ ಮಾಡಿಕೊಂಡೇ ಗೆದ್ದಳು. ನಮ್ಮ ಕೈಲಾದ ಮಟ್ಟಿಗೆ ಆಡಿದ್ದೆವು, ಬೇಕೆಂದು ಒಂದು ಕ್ಷಣವೂ ಬ್ರೇಕ್ ಒತ್ತಿರಲಿಲ್ಲ.

"ಲೇ, ಇಷ್ಟು ಚೆನ್ನಾಗಿ ಓಡ್ಸೋಳು ಅಲ್ಲಿ ಯಾಕೆ ಗೋಡೆಗೆ ಗುದ್ದುತಿದ್ದೆ?" ಎದುರು ಮನೆಯವಳು ರೇಗಿದಳು.

"ಮೊದಲ ವಾರ ಸರಿಯಿತ್ತು, ಆಮೇಲೆ ಈ ಮನೆಯೊಳಗೆ ಫೋನಿಗೆ ಎರಡೇ ಕಡ್ಡಿ ಸಿಗ್ನಲ್ಲು. ಆಟಕ್ಕೂ ಅದೇ ಫೋನಿನ ನೆಟ್ಟು, ನಿಮ್ಮ ಹತ್ರ ಮಾತಿಗೂ ಅದೇ ಫೋನು. ನಾನು ಈಗ ತಿರುಗಿಸಿದ್ರೆ ಅದು ಯೋಚನೆ ಮಾಡಿ ಆಮೇಲೆ ತಿರುಗುತ್ತೆ. ಅಷ್ಟೊತ್ತಿಗೆ ಗೋಡೆ ಬಂದಿರುತ್ತೆ."

"ಅದನ್ನ ಬಾಯಿ ಬಿಟ್ಟು ಹೇಳೋದಲ್ವೇನೇ!"

"ಸೋತೋಳು ನೆವ ಹೇಳಬಾರದು ಅಂತ ರೂಲ್ಸು ಮಾಡಿದ್ದು ಯಾರು?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಖಾಲಿ ಲೋಟದೊಳಕ್ಕೆ ನೋಡಿದೆ. ನಿಧಾನವಾಗಿದ್ದದ್ದು ನೆಟ್ಟು. ಅದನ್ನು ನಾವು ಅವಳ ದುಃಖ ಎಂದುಕೊಂಡಿದ್ದೆವು. ಅವಳೋ ಆ ಮನೆಯಲ್ಲಿ ಒಬ್ಬಳೇ ಕೂತು, ನಾವೇ ಅವಳಿಗೆ ಮಾಫಿ ಮಾಡಿದ ಮೇಲೂ, ನಮ್ಮ ಚಾಪೆಯ ನಿಯಮವನ್ನು ಕಾಪಾಡಿಕೊಂಡು ಬಂದಿದ್ದಳು.

ರಿಮೋಟಿನ ಗುಂಡಿಯನ್ನು ಸುಮ್ಮನೆ ಸವರುತ್ತ ಅವಳು, "ಮನಸ್ಸೂ ಅಷ್ಟೇನೂ ಚೆನ್ನಾಗಿರ್ಲಿಲ್ಲ ಬಿಡು," ಎಂದಳು. "ಅದೂ ಒಂದು ನೆವಾನೇ ಅಲ್ವಾ ಅಂತ ಹೇಳ್ಲಿಲ್ಲ."

ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ. ಅವಳು ಸರಿಸಲಿಲ್ಲ. ನಿಯಮ ಮಾಡಿದವಳು ನಾನೇ ಆದ್ದರಿಂದ ಅಲ್ಲೇ ತೆಗೆದುಹಾಕಿದೆ. ಇನ್ನು ಮೇಲೆ ಯಾರು ಬೇಕಾದರೂ ಏನು ಬೇಕಾದರೂ ನೆವ ಹೇಳಬಹುದು. ಎದುರು ಮನೆಯವಳು "ಅಬ್ಬಾ!" ಎಂದು ಕೈಮುಗಿದಳು.

"ಆಟಕ್ಕೆ ಬರ್ತೀಯಾ, ಇಲ್ವಾ, ಅಷ್ಟು ಹೇಳು," ಎಂದೆ.

"ಬರ್ತೀನಿ. ಆದ್ರೆ ನೀವಿಬ್ರೂ ಒಟ್ಟಿಗೆ ಕೂತು ಆಡಬೇಡಿ. ನಿಮ್ಮ ಪಿಸುಪಿಸು ಕೇಳ್ಕೊಂಡು ಇಲ್ಲಿ ಕೂರಕ್ಕಾಗಲ್ಲ ನನಗೆ. ಸೋಮವಾರ ನೀನು, ಮಂಗಳವಾರ ಅವಳು. ಒಬ್ಬಳಿಗೆ ಒಬ್ಬಳು."

"ಅಂದ್ರೆ ಒಂದಿನ ಇವಳ ಮನೇಲಿ ನಾನು ಬಾಯಿ ಮುಚ್ಕಂಡು ಕೂತಿರ್ಬೇಕಾ?" ಎಂದಳು ಎದುರು ಮನೆಯವಳು.

"ಬರ್ಲೇಬೇಡ. ನಿನ್ನ ಮನೇಲಿ ಮಲ್ಕೋ."

ನನಗೆ ಇದು ಅಷ್ಟು ಹಿತವಾಗಲಿಲ್ಲ, ನಿಜ ಹೇಳುತ್ತೇನೆ. ಎದುರು ಮನೆಯವಳಿಲ್ಲದ ಚಾಪೆ ಎಂದರೆ ನನ್ನ ಅರ್ಧ ಮಧ್ಯಾಹ್ನಗಳು ಹೋದವೆಂದೇ ಲೆಕ್ಕ. ಅವಳ ಸರದಿಯ ದಿನ ನಾನು ಅವಳನ್ನು ನಡುಮನೆಯಲ್ಲಿ ಬಿಟ್ಟು ಒಳಗೆ ಹೋಗಿ ಅಕ್ಕಿ ಆರಿಸಬೇಕು. ಆದರೆ ಬೇಲೂರಿನವಳಿಗೆ ಎಲ್ಲ ದಿನವೂ ಹಾಗೇ ಇತ್ತಲ್ಲ. "ಸರಿ," ಎಂದೆ. ಎದುರು ಮನೆಯವಳು ನನ್ನ ಮುಖ ನೋಡಿ, "ಆಗ್ಲಿ ಕಣೇ. ತಿಂಗಳಿಗೊಂದು ಸಲ ಇಲ್ಲಿಗೆ ಬಂದು ಮೂರು ಜನಾನೂ ಆಡಾನ, ಅದಕ್ಕೆ ಒಪ್ಕೋ," ಎಂದಳು. ಬೇಲೂರಿನವಳು ಅದಕ್ಕೆ ಒಪ್ಪಿದಳು.

ಅವಳ ಯಜಮಾನರು ಬ್ಯಾಂಕಿನ ಕೆಲಸದ ಮೇಲೆ ಎರಡು ದಿನ ಬೇರೆ ಊರಿಗೆ ಹೋಗಿದ್ದರು. ಸಂಜೆಯ ಬಸ್ಸಿಗೆ ಹೊರಟ ನಮ್ಮನ್ನು ಅವಳು ಬಿಡಲಿಲ್ಲ. ಮನೆಗೆ ಫೋನ್ ಮಾಡಿ ಅತ್ತೆಯವರಿಗೆ ಹೇಳಿ ಉಳಿದುಕೊಂಡೆವು.

ರಾತ್ರಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ, ಕೊನೆಗೆ ಮಜ್ಜಿಗೆ ಅನ್ನ. ರೊಟ್ಟಿ ಬೇಯಿಸಿದ್ದು ಅವಳು, ತಟ್ಟಿದ್ದು ನಾನು. ಎದುರು ಮನೆಯವಳು ಐದು ತಿಂದಳು. ಒಂಬತ್ತಕ್ಕೆಲ್ಲ ನಡುಮನೆಯಲ್ಲಿ ಹಾಸಿಗೆ ಹಾಸಿ ಸಾಲಾಗಿ ಮಲಗಿದೆವು. ಸೋಮವಾರ ಯಾವ ರಸ್ತೆಯಲ್ಲಿ ಓಡಿಸುವುದೆಂದು ಹೇಳುತ್ತಾ ಹೇಳುತ್ತಾ ಬೇಲೂರಿನವಳೇ ಮೊದಲು ನಿದ್ದೆ ಹೋದಳು. ಎದುರು ಮನೆಯವಳು ನನ್ನ ಕಡೆ ಹೊರಳಿ ಏನೋ ಹೇಳಲು ಬಾಯಿ ತೆರೆದಳು. ಮಲಗಿದ್ದ ಬೇಲೂರಿನವಳ ಕಡೆ ಒಮ್ಮೆ ನೋಡಿ, "ಬೆಳಗ್ಗೆ ಅವ್ಳು ಎದ್ದ ಮೇಲೆ ಹೇಳ್ತೀನಿ," ಎಂದು ಹೊದಿಕೆ ಎಳೆದುಕೊಂಡಳು. ಎರಡನೆಯವಳಾಗಿ ನಿದ್ದೆ ಹೋದದ್ದು ಅವಳು.