ಮಾವನವರಿಗೆ ಹೇಳಿದ ಯುದ್ಧದ ಕಥೆ

ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು ಕೈಗೆ ಕೆಲಸ ಕೊಟ್ಟು ಮನಸ್ಸಿಗೆ ರಜೆ ಕೊಡುವ ಕಾಯಕ. ಎಪ್ಪತ್ತರ ದಶಕದಲ್ಲಿ, ಮಳವಳ್ಳಿಯ ಮೇಷ್ಟ್ರ ಮಗಳಾದ ನಾನು ಬಸರಾಳಿನ ಪಕ್ಕದ ಹಳ್ಳಿಯ ಬೇಸಾಯಗಾರರ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತ ಕೂರುವ ಅತ್ತೆಗೆ ಮಧ್ಯಾಹ್ನಗಳಲ್ಲಿ ಕಥೆ ಹೇಳುವುದು ರೂಢಿಯಾಯಿತು. ಒಮ್ಮೆ, ಕಾಲೇಜಿನಲ್ಲಿ ಓದಿದ್ದ ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡದಲ್ಲಿ ಹೇಳತೊಡಗಿದಾಗ, ಜಗುಲಿಯ ಕಂಬಕ್ಕೊರಗಿದ್ದ ಮಾವನವರೂ ಕಿವಿಗೊಟ್ಟರು ನೋಡಿ! ಅದು ಯುದ್ಧಕ್ಕೆ ಹೋದ ಹಳ್ಳಿಯ ಹುಡುಗನೊಬ್ಬನ ಕಥೆ. ಅವರು ಬರ್ಮಾದಲ್ಲಿ ಯುದ್ಧ ಮಾಡಿ ಬಂದವರು, ಬಂದ ಮೇಲೆ ಅದರ ಬಗ್ಗೆ ತುಟಿ ಬಿಚ್ಚದವರು.

ಕೊನೆಯ ಅಧ್ಯಾಯಕ್ಕೆ ಮುನ್ನ ಅವರೇ ಕೇಳಿದರು: "ಆ ಉಡ್ಗ ಊರ್ಗೆ ಓದ್ನೇನವ್ವಾ?"

ಹಕಾರ ನುಂಗುವ ನಮ್ಮ ಸೀಮೆಯ ನಾಲಿಗೆಯಲ್ಲಿ ಹೋಗುವುದಕ್ಕೂ ಓದುವುದಕ್ಕೂ ಅಷ್ಟೇನೂ ಅಂತರವಿಲ್ಲ. ಓದುವುದೆಂದರೆ ಎಲ್ಲಿಗೋ ಹೋಗಿಬರುವುದೇ ತಾನೆ? ಪುಸ್ತಕದಲ್ಲಿ ಆ ಸಿಪಾಯಿ ಕಂದಕದಲ್ಲೇ ಸಾಯುತ್ತಾನೆ. ನಾನು ಮಾವನ ಮುಖ ನೋಡಿ, "ಹೋದ, ಮಾವ. ಹೋಗಿ ಉಳುಮೆಗೆ ನಿಂತ" ಎಂದುಬಿಟ್ಟೆ.

ಕೆಲವು ತಿಂಗಳಲ್ಲಿ ಆ ಕಾದಂಬರಿಯ ಹಳೆಯ ಚಲನಚಿತ್ರ ಮಂಡ್ಯದ ಟಾಕೀಸಿಗೆ ಬಂತು. "ನಡೀರಿ, ನೋಡ್ಕಂಡ್ ಬರಾನ" ಎಂದು ಮಾವ ಹೊರಟೇಬಿಟ್ಟರು. ಅತ್ತೆ ಮಾವನ ನಡುವೆ ಕೂತು ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ ನಾನು, ಅಂತ್ಯ ಸಮೀಪಿಸಿದಂತೆ ಮಾವನ ಕಡೆಗೇ ನೋಡತೊಡಗಿದೆ. ಪರದೆಯ ಮೇಲೆ ಅವನು ಕೆಸರಿಗೆ ಬಿದ್ದ, ಏಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಮಾವನೇ ಮಾತು ತೆಗೆದರು. "ನೀನು ಅವ್ನ ಬದುಕ್ಸಿದ್ದೆ ಅಂತ ಅವತ್ತೇ ಗೊತ್ತಾಯ್ತು ಕಣವ್ವ. ನಿನ್ ದನಿ ನಡುಗ್ತು."

"ಬೇಜಾರಾಯಿತಾ, ಮಾವ?"

"ಬೇಜಾರ್ ಯಾಕೆ? ಬದುಕಿ ಬಂದೋರೂ ಇದ್ದೀವಲ್ಲ. ನಮ್ ಕತೆ ಯಾರ್ ಬರೀತಾರೆ ಬುಡು."

ಸತ್ತವರ ಪರವಾಗಿ ಕಾದಂಬರಿಗಳು ನುಡಿಯುತ್ತವೆ; ಮರಳಿ ಬಂದು ನೇಗಿಲು ಹಿಡಿದವನ ಕಥೆಗೆ ಕೇಳುವ ಕಿವಿಯೊಂದು ಸಿಕ್ಕಬೇಕು. ಆ ಸಂಜೆ ಸಿಕ್ಕಿತು. ಜೊತೆಗಾರನೊಬ್ಬನನ್ನು ಹೆಗಲ ಮೇಲೆ ಹೊತ್ತು ಕಾಡು ದಾಟಿದ್ದನ್ನು ಮಾವ ಹೇಳತೊಡಗಿದರು. ಮುಂದಿನ ಸೀಟಿನಲ್ಲಿದ್ದ ಅತ್ತೆ ಪೂರಾ ಹಿಂದಕ್ಕೆ ತಿರುಗಿ ಕೂತರು.

"ಇಷ್ಟ್ ವರ್ಸ ಒಂದ್ ಮಾತೂ ಏಳಿರ್ನಿಲ್ವಲ್ಲ!"

"ನೀನ್ ಕೇಳ್ನಿಲ್ವಲ್ಲಮ್ಮಿ."

"ಈಗ ಕೇಳ್ತಾವ್ನಿ, ಏಳಿ."

ಬಸರಾಳಿನಲ್ಲಿ ಇಳಿದಾಗ ಮಾವನ ಕಥೆ ಇನ್ನೂ ಹೊಳೆಯೊಂದನ್ನು ದಾಟುತ್ತಿತ್ತು. ಊರಿನ ದಾರಿಯನ್ನು ನಾವು ಮೂವರೂ ಬೇಕೆಂದೇ ನಿಧಾನವಾಗಿ ನಡೆದೆವು.